ಶಾಸನದ ಸೊನ್ನೆ, ಪರದೆಯ ಬಿಟ್: ಕಂಪ್ಯೂಟರ್ ಹೇಳುವ ಬಣ್ಣದ ಆಳವನ್ನು ಎಷ್ಟು ನಂಬಬೇಕು?

ಒಂದೇ ಶಾಸನದ ಒಂದೇ ಫೋಟೋ. ಒಬ್ಬರು ‘ಬಿಟ್ಟಂ’ ಎಂದು ಓದುತ್ತಾರೆ, ಇನ್ನೊಬ್ಬರು ‘ಬಿಟ್ಟ’ ಎಂದು. ಇದು ಸಣ್ಣ ವಿಷಯ ಅಲ್ಲ ನೋಡ್ರಿ. ಹಳಗನ್ನಡದಲ್ಲಿ ‘ಬಿಟ್ಟಂ’ ಅಂದರೆ ‘ದಾನವಾಗಿ ಬಿಟ್ಟನು’, ಅಲ್ಲಿಗೆ ವಾಕ್ಯ ಮುಗಿಯಿತು. ‘ಬಿಟ್ಟ’ ಅಂದರೆ ಕೃದಂತ, ಮುಂದಿನ ಪದಕ್ಕೆ ವಿಶೇಷಣ. ಒಂದು ಸೊನ್ನೆಯ ಮೇಲೆ ದಾನ ಕೊಟ್ಟವನು ಯಾರು ಎಂಬುದೇ ಬದಲಾಗಬಹುದು. ‘ಪ’ ಮತ್ತು ‘ವ’ಗಳದ್ದೂ ಇದೇ ಕಥೆ: ಒಂದು ಮೇಲೆ ತೆರೆದಿರುತ್ತದೆ, ಇನ್ನೊಂದು ಮುಚ್ಚಿರುತ್ತದೆ. ಸವೆದ ಕಲ್ಲಿನಲ್ಲಿ ಆ ವ್ಯತ್ಯಾಸ ಬೂದು ಬಣ್ಣದ ಒಂದೆರಡು ಛಾಯೆ ಅಷ್ಟೇ.

ಬೀದರ್‌ನ ಗಾಂಧಿ ಗಂಜಿನಲ್ಲಿ ಕೂತು ರಾತ್ರಿ ಹೊತ್ತು ಫೋಟೋಗಳಿಂದ ಶಾಸನ ಓದುವ ನನ್ನಂಥ ಹವ್ಯಾಸಿಗೆ ಕಲ್ಲು, ಬೆಳಕು, ಕ್ಯಾಮೆರಾ ಇವುಗಳ ಜೊತೆ ನಾಲ್ಕನೆಯ ಸಾಕ್ಷಿ ಪರದೆ. ಆ ಸಾಕ್ಷಿ ಎಷ್ಟು ಛಾಯೆ ತೋರಿಸುತ್ತಿದೆ ಎಂಬುದನ್ನು ನಾವು ಕೇಳುವುದೇ ಇಲ್ಲ.

ಛಾಯೆಯ ಲೆಕ್ಕ

ಪ್ರತಿ ಬಣ್ಣಕ್ಕೆ 6 ಬಿಟ್ ಇದ್ದರೆ 64 ಮೆಟ್ಟಿಲು, 8 ಬಿಟ್‌ಗೆ 256, 10 ಬಿಟ್‌ಗೆ 1024. ಕಪ್ಪು ಕಲ್ಲಿನ ಫೋಟೋದಲ್ಲಿ ಮೇಲ್ಮೈಯ ಬೆಲೆ 43, ಸವೆದ ಗೆರೆಯೊಳಗಿನ ಬೆಲೆ 41 ಇದೆ ಅಂದುಕೊಳ್ಳಿ. 8 ಬಿಟ್ ಪರದೆಯಲ್ಲಿ ಇವೆರಡೂ ಬೇರೆ. 6 ಬಿಟ್ ಫಲಕ ಕೆಳಗಿನ ಎರಡು ಬಿಟ್ ಕತ್ತರಿಸಿದರೆ ಎರಡೂ 10ನೇ ಮೆಟ್ಟಿಲಿಗೆ ಬೀಳುತ್ತವೆ, ಗೆರೆ ಮಾಯ. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. 43 ಮತ್ತು 44ರ ನಡುವೆ ಒಂದೇ ಛಾಯೆಯ ವ್ಯತ್ಯಾಸ, ಆದರೆ ಅವು 10 ಮತ್ತು 11ನೇ ಮೆಟ್ಟಿಲಿಗೆ ಹೋಗುತ್ತವೆ. ಕಲ್ಲಿನಲ್ಲಿ ಇಲ್ಲದ ಅಂಚು ಪರದೆಯಲ್ಲಿ ಹುಟ್ಟುತ್ತದೆ. ನಯವಾದ ಇಳಿಜಾರು ಪಟ್ಟೆಪಟ್ಟೆಯಾಗಿ ಕಂಡು, ಆ ಪಟ್ಟೆಯೇ ಅಕ್ಷರದ ತುದಿ ಅನ್ನಿಸುತ್ತದೆ.

ಅಗ್ಗದ ಎಷ್ಟೋ ಫಲಕಗಳು 6 ಬಿಟ್‌ನವು. ಪಕ್ಕದ ಎರಡು ಛಾಯೆಗಳನ್ನು ಬೇಗಬೇಗ ಬದಲಿಸಿ ನಡುವಿನ ಛಾಯೆಯ ಭ್ರಮೆ ಹುಟ್ಟಿಸುತ್ತವೆ. ಸಿನಿಮಾ ನೋಡಲು ಸಾಕು.

ಯಾರು ಯಾರಿಗೆ ಏನು ಹೇಳುತ್ತಾರೆ?

ಚಿತ್ರ ತೋರಿಸುವ ತಂತ್ರಾಂಶಕ್ಕೆ ಪರದೆಯ ಬಣ್ಣದ ಆಳ ಗೊತ್ತಿದ್ದರೆ, ಹೆಚ್ಚಿನ ಬಿಟ್‌ಗಳನ್ನು ಸುಮ್ಮನೆ ಕತ್ತರಿಸದೆ ಸಣ್ಣ ಕಾಳುಗಳಂತೆ ಹರಡಿ ಪಟ್ಟೆ ತಪ್ಪಿಸಬಹುದು. ತಪ್ಪು ಗೊತ್ತಿದ್ದರೆ? ಅಲ್ಲೇ ತೊಂದರೆ. ಯಾಕೆಂದರೆ ‘ಬಣ್ಣದ ಆಳ’ ಎಂಬುದು ಒಂದೇ ಸಂಖ್ಯೆ ಅಲ್ಲ, ಮೂರು.

ಮೊದಲನೆಯದು ಮೆಮೊರಿಯಲ್ಲಿರುವ ಚಿತ್ರದ ಆಳ. ಲಿನಕ್ಸ್‌ನ ಎಕ್ಸ್ ವ್ಯವಸ್ಥೆ ‘ಡೆಪ್ತ್ 24’ ಅಂದರೆ ಮೂರು ಬಣ್ಣಕ್ಕೆ ತಲಾ 8 ಬಿಟ್. ‘ಡೆಪ್ತ್ 30’ ಅಂದರೆ ತಲಾ 10. ಸಾಮಾನ್ಯ ತಂತ್ರಾಂಶಕ್ಕೆ ಸಿಗುವ ಉತ್ತರ ಹೆಚ್ಚಾಗಿ ಇಷ್ಟೇ. ಇದು ಪರದೆಯ ಬಗ್ಗೆ ಏನೂ ಹೇಳುವುದಿಲ್ಲ.

ಎರಡನೆಯದು ಕೇಬಲ್‌ನಲ್ಲಿ ಹರಿಯುವ ಆಳ. ಇದನ್ನು ತೀರ್ಮಾನಿಸುವುದು ಗ್ರಾಫಿಕ್ಸ್ ಡ್ರೈವರ್. 4ಕೆ ಚಿತ್ರ ಸೆಕೆಂಡಿಗೆ 60 ಸಲ, 8 ಬಿಟ್‌ನಲ್ಲಿ ಹೋಗಲು 594 ಮೆಗಾಹರ್ಟ್ಸ್ ಬೇಕು. 10 ಬಿಟ್‌ಗೆ 742.5. ಎಚ್‌ಡಿಎಂಐ 2.0ರ ಮಿತಿ 600. ಹಾಗಾಗಿ ಡ್ರೈವರ್ ತಾನಾಗಿಯೇ 8ಕ್ಕೆ ಇಳಿಯಬಹುದು. ಲಿನಕ್ಸ್‌ನಲ್ಲಿ ಎಕ್ಸ್‌ರ್ಯಾಂಡ್‌ಆರ್ ತೋರಿಸುವ ‘ಮ್ಯಾಕ್ಸ್ ಬಿಪಿಸಿ’ ಎಂಬುದು ಗರಿಷ್ಠ ಮಿತಿ ಮಾತ್ರ, ಈಗ ಹರಿಯುತ್ತಿರುವ ಬೆಲೆ ಅಲ್ಲ. ನಿಜವಾದ ಬೆಲೆಯನ್ನು ಕೆಲವು ಡ್ರೈವರ್‌ಗಳು ದೋಷಪರಿಶೋಧನೆಯ ಕಡತವೊಂದರಲ್ಲಿ ಬರೆದಿಡುತ್ತವೆ, ಆದರೆ ಅದನ್ನು ತೆರೆಯಲು ರೂಟ್ ಅಧಿಕಾರ ಬೇಕು. ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್‌ನ ‘ಅಡ್ವಾನ್ಸ್ಡ್ ಡಿಸ್‌ಪ್ಲೇ’ ಪುಟದಲ್ಲಿ ‘ಬಿಟ್ ಡೆಪ್ತ್’ ಸಾಲು ಸಿಗುತ್ತದೆ.

ಮೂರನೆಯದು ಫಲಕದ ಆಳ. ಮಾನಿಟರ್ ತನ್ನ ಪರಿಚಯವನ್ನು ಇಡಿಐಡಿ ಎಂಬ ಸಣ್ಣ ದಾಖಲೆಯಲ್ಲಿ ಕೊಡುತ್ತದೆ. ಮೂಲ ಭಾಗ 128 ಬೈಟ್. 1.4ನೇ ಆವೃತ್ತಿಯಲ್ಲಿ, ಸೊನ್ನೆಯಿಂದ ಎಣಿಸಿದರೆ 20ನೇ ಬೈಟ್‌ನೊಳಗೆ, ಬಣ್ಣದ ಆಳಕ್ಕೆ ಮೂರು ಬಿಟ್ ಮೀಸಲು. ಅಲ್ಲಿ ‘ಹೇಳಿಲ್ಲ’ ಎಂದೂ ಬರೆಯಲು ಅವಕಾಶವಿದೆ! ಜೊತೆಗೆ, 8 ಬಿಟ್ ಫಲಕಕ್ಕೆ ಮಿನುಗಿನ ತಂತ್ರ ಸೇರಿಸಿ 10 ಬಿಟ್ ಸ್ವೀಕರಿಸುತ್ತೇನೆ ಎನ್ನುವ ಮಾನಿಟರ್‌ಗಳೂ ಇವೆ. ಅದು ಸುಳ್ಳಲ್ಲ, ಸ್ವೀಕರಿಸುವುದು ಬೇರೆ, ತೋರಿಸುವುದು ಬೇರೆ.

ಮೂರರಲ್ಲಿ ಯಾವುದು ಕಡಿಮೆಯೋ ನಮ್ಮ ಕಣ್ಣಿಗೆ ಸಿಗುವುದು ಅದು. ತಂತ್ರಾಂಶ ನೋಡುವುದು ಮಾತ್ರ ಸಾಮಾನ್ಯವಾಗಿ ಮೊದಲನೆಯದನ್ನು.

ಓದುವವರು ಏನು ಮಾಡಬೇಕು?

ಹೊಸ ಮಾನಿಟರ್ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. 14 ಬಿಟ್ ರಾ ಫೋಟೋದಲ್ಲಿ 16,384 ಮೆಟ್ಟಿಲು. ಗಾಮಾ ಲೆಕ್ಕ ಬಿಟ್ಟರೆ, 8 ಬಿಟ್‌ನ ಒಂದು ಮೆಟ್ಟಿಲೊಳಗೆ ಅಂಥ 64 ಕೂತಿರುತ್ತವೆ. ಅನುಮಾನದ ಅಕ್ಷರ ಇರುವ ಜಾಗವನ್ನಷ್ಟೇ ಆಯ್ದು, 16 ಬಿಟ್‌ನಲ್ಲೇ ಛಾಯೆಯ ವ್ಯಾಪ್ತಿ ಹಿಗ್ಗಿಸಿ, ಆಮೇಲೆ ನೋಡಿದರೆ ಸಾಧಾರಣ ಪರದೆಯೂ ಸಾಕಾಗುತ್ತದೆ. ಮೊದಲೇ ಜೆಪೆಗ್ ಮಾಡಿ 8 ಬಿಟ್‌ಗೆ ಇಳಿಸಿದ ಮೇಲೆ ಎಷ್ಟು ಹಿಗ್ಗಿಸಿದರೂ ಹೋದದ್ದು ಬರದು.

3ಡಿ ಸ್ಕ್ಯಾನ್‌ಗೂ ಇದೇ ಎಚ್ಚರ ಬೇಕು. ಬೆಂಗಳೂರಿನ ಮಿಥಿಕ್ ಸೊಸೈಟಿಯ ಶಾಸನ ಯೋಜನೆಯಿಂದಾಗಿ ಇಂಥ ಸ್ಕ್ಯಾನ್‌ಗಳು ಈಗ ನಮಗೆಲ್ಲ ಪರಿಚಿತ. 200 ಮಿಲಿಮೀಟರ್ ಏರಿಳಿತವಿರುವ ಕಲ್ಲಿನ ಆಳವನ್ನು 8 ಬಿಟ್ ಚಿತ್ರವಾಗಿ ಉಳಿಸಿದರೆ ಒಂದು ಮೆಟ್ಟಿಲು ಸುಮಾರು 0.8 ಮಿ.ಮೀ. ಅರ್ಧ ಮಿ.ಮೀ. ಉಳಿದಿರುವ ಅಕ್ಷರ ಅದರೊಳಗೇ ಮುಳುಗಿಹೋಗಬಹುದು. 16 ಬಿಟ್‌ನಲ್ಲಿ ಮೆಟ್ಟಿಲು 0.003 ಮಿ.ಮೀ.

ಹಳೆಯ ಪಡಿಯಚ್ಚಿನ ಗುಣವೂ ಇಲ್ಲಿ ತಿಳಿಯುತ್ತದೆ. ಒದ್ದೆ ಕಾಗದ ಗುಂಡಿಯೊಳಗೆ ಇಳಿಯುತ್ತದೆ, ಮಸಿ ಮೇಲ್ಮೈಗೆ ಮಾತ್ರ ಹತ್ತುತ್ತದೆ. ಅಕ್ಷರ ಬಿಳಿ, ಕಲ್ಲು ಕಪ್ಪು. ಸೂಕ್ಷ್ಮ ಛಾಯೆಯ ಹಂಗು ಬಹಳ ಕಡಿಮೆ, ಯಾವ ಪರದೆಯಲ್ಲಾದರೂ ಓದಬಹುದು.

ಆದ್ದರಿಂದ ಪರದೆ ನೋಡಿ ಸೊನ್ನೆ ಸೇರಿಸುವ ಮುನ್ನ ಮೂರು ಕೆಲಸ ಮಾಡ್ರಿ. ಕಪ್ಪಿನಿಂದ ಬಿಳಿಗೆ ಹೋಗುವ ಬೂದು ಪಟ್ಟಿಯೊಂದನ್ನು ತೆರೆದು ಪಟ್ಟೆ ಕಾಣುತ್ತದೆಯೇ ನೋಡಿ. ಚಿತ್ರದ ಹೊಳಪನ್ನು ಸ್ವಲ್ಪ ಏರಿಸಿ ಇಳಿಸಿ. ಗೆರೆ ಜಾಗ ಬದಲಿಸಿದರೆ ಅದು ಕಲ್ಲಿನದಲ್ಲ, ಮೆಟ್ಟಿಲಿನದು. ಕೊನೆಗೆ ಬೇರೆ ದಿಕ್ಕಿನ ಓರೆ ಬೆಳಕಿನಲ್ಲಿ ತೆಗೆದ ಇನ್ನೊಂದು ಫೋಟೋದಲ್ಲೂ ಆ ಗುಂಡಿ ಇದೆಯೇ ಹುಡುಕಿ. ಅಲ್ಲೂ ಇದ್ದರೆ ಧೈರ್ಯವಾಗಿ ‘ಬಿಟ್ಟಂ’ ಎಂದು ಬರೆಯಿರಿ. ಇಲ್ಲದಿದ್ದರೆ ಸೊನ್ನೆಯನ್ನು ಆವರಣ ಚಿಹ್ನೆಯೊಳಗೆ ಇಟ್ಟು, ಮುಂದಿನವರು ಕಲ್ಲಿನ ಹತ್ತಿರ ಹೋಗಿ ನೋಡಲಿ ಎಂದು ಟಿಪ್ಪಣಿ ಹಾಕಿ.