ಚಕಮಕಿ ಕೋವಿಗೆ ಯಾವ ಉಡುಪು?

ಬೇಟೆಯ ಉಡುಪಿನ ಬಗ್ಗೆ ನಮ್ಮ ಸಂಘದ ಪತ್ರಿಕೆಯಲ್ಲಿ ಲೇಖನವೇ ಎಂದು ಹಿರಿಯರು ಹುಬ್ಬೇರಿಸಬಹುದು. ಅದರಲ್ಲೂ ಬರೆಯುತ್ತಿರುವವಳು ಮೊಟ್ಟೆಯನ್ನೂ ಮುಟ್ಟದ ಮನೆಯ ಗೃಹಿಣಿ! ಆದರೆ ನಾನು ಹುಟ್ಟಿ ಬೆಳೆದದ್ದು ಕೊಡಗಿನ ವಿರಾಜಪೇಟೆಯಲ್ಲಿ. ಅಕ್ಕಪಕ್ಕದ ಕೊಡವರ ಮನೆಗಳಲ್ಲಿ ಕೋವಿ ಎಂದರೆ ಮನೆಯ ಒಬ್ಬ ಸದಸ್ಯನಿದ್ದ ಹಾಗೆ. ಈಗ ಮಗ ಇರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಅಲ್ಲಿಯ ಹಳ್ಳಿಗಳಲ್ಲೂ ಕೋವಿಗೆ ಅಂಥದೇ ಮರ್ಯಾದೆ. ಯುವ ಮಿತ್ರರೇ, ನಿಮ್ಮಲ್ಲಿ ಎಷ್ಟೋ ಮಂದಿ ಓದಿಗೋ ಕೆಲಸಕ್ಕೋ ಅತ್ತ ಹೋಗುವವರು. ನೆರೆಯವರು ಯಾರಾದರೂ “ಬಾ, ಬೇಟೆಗೆ ಹೋಗೋಣ” ಎಂದು ಕರೆದರೆ ಏನು ತೊಟ್ಟು ಹೋಗುತ್ತೀರಿ? ಮಗನಿಗೆ ಹಾಗೆ ಕರೆ ಬಂದಾಗ ನಾನೂ ಅಲ್ಲಿಯೇ ಇದ್ದೆ. ಕೈಗೆ ಸಿಕ್ಕಿದ್ದನ್ನೆಲ್ಲ ಓದಿ, ಸಿಕ್ಕವರನ್ನೆಲ್ಲ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೋವಿಯ ಪರಿಚಯವಾಗಲಿ. ನಳಿಗೆಯ ಬಾಯಿಯಿಂದಲೇ ಕರಿಮದ್ದು ಸುರಿದು, ಬಟ್ಟೆಯ ಚೂರಿನಲ್ಲಿ ಸುತ್ತಿದ ಸೀಸದ ಗುಂಡನ್ನು ಉದ್ದ ಕಡ್ಡಿಯಿಂದ ಒಳಗೆ ನೂಕುವ ಹಳೆಯ ಕಾಲದ ಕೋವಿ ಇದು. ಇಂಗ್ಲಿಷಿನಲ್ಲಿ ಮಜಲ್ ಲೋಡರ್. ಮಲೆನಾಡಿನ ‘ಕೇಪಿನ ಕೋವಿ’ ಇದೇ ಜಾತಿಯದು. ಕೇಪು ಬರುವ ಮೊದಲು ಚಕಮಕಿ ಕಲ್ಲು ಇತ್ತು. ಕುದುರೆ ಎಳೆದಾಗ ಕಲ್ಲು ಉಕ್ಕಿನ ತುಂಡಿಗೆ ಬಡಿದು, ಕಿಡಿ ಬಟ್ಟಲಿನ ಮದ್ದಿಗೆ ಬಿದ್ದು, ಭುಗ್ಗೆಂದು ಉರಿಯುತ್ತದೆ. ಆ ಬೆಂಕಿ ಏಳುವುದು ಗುರಿಯಿಡುವವನ ಮುಖದಿಂದ ಒಂದು ಗೇಣು ದೂರದಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪೆನ್ಸಿಲ್ವೇನಿಯಾದಲ್ಲಿ 1974ರಿಂದ ಚಕಮಕಿ ಕೋವಿಯವರಿಗಾಗಿಯೇ ಜಿಂಕೆ ಬೇಟೆಯ ಪ್ರತ್ಯೇಕ ಋತುವಿದೆ. ಕ್ರಿಸ್‌ಮಸ್ ಮುಗಿದ ಮೇಲೆ, ಹಿಮದಲ್ಲಿ. ಹಳೆಯ ಕೋವಿ ಎಂದ ಮೇಲೆ ಹಳೆಯ ಉಡುಪೂ ಇರಲಿ ಎನ್ನುವ ಒಂದು ಪಕ್ಷ ಹುಟ್ಟಿಕೊಂಡದ್ದು ಸಹಜ. ಇಂಡಿಯಾನಾ ರಾಜ್ಯದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರಿನಲ್ಲಿ ಇಂಥ ಕೋವಿ ಪ್ರಿಯರ ರಾಷ್ಟ್ರೀಯ ಸಂಘದ ನೆಲೆಯೇ ಇದೆ. ಆ ಸಂಘ 1933ರದು. ಇನ್ನೊಂದು ಪಕ್ಷದವರು 1985ರ ಸುಮಾರಿಗೆ ಬಂದ ‘ಇನ್‌ಲೈನ್’ ಎಂಬ ಹೊಸ ಮಾದರಿಯ ಮಜಲ್ ಲೋಡರ್ ಹಿಡಿದವರು. ಪ್ಲಾಸ್ಟಿಕ್ಕಿನ ಹಿಡಿ, ಮೇಲೆ ದುರ್ಬೀನು. ಅವರಿಗೆ ಗೋರ್‌ಟೆಕ್ಸ್ ಜಾಕೆಟ್ಟು, ಎಲೆ ಚಿತ್ತಾರದ ಪ್ಯಾಂಟು ಸಾಕು. ಒಬ್ಬರನ್ನೊಬ್ಬರು ಗೇಲಿ ಮಾಡಿಕೊಳ್ಳುವುದನ್ನು ನೋಡಿದರೆ ನಮ್ಮ ಸಂಘದ ಫಿಲ್ಟರ್ ಕಾಫಿ–ಇನ್‌ಸ್ಟಂಟ್ ಕಾಫಿ ಜಗಳವೇ ವಾಸಿ.

ಹಳೆಯ ಉಡುಪು ಎಂದರೆ ಯಾವುದು? ಬಿ.ಎ. ತರಗತಿಯಲ್ಲಿ ಫೆನಿಮೋರ್ ಕೂಪರನ ‘ದಿ ಲಾಸ್ಟ್ ಆಫ್ ದಿ ಮೊಹಿಕನ್ಸ್’ ಓದಿದವಳು ನಾನು. 1826ರ ಕಾದಂಬರಿ. 1992ರ ಸಿನೆಮಾವನ್ನು ನೀವು ನೋಡಿರಬಹುದು. ಅದರ ನಾಯಕ ತೊಡುವುದು ಅಂಚಿಗೆಲ್ಲ ಕುಚ್ಚು ಇಳಿಬಿಟ್ಟ ಸಡಿಲವಾದ ‘ಹಂಟಿಂಗ್ ಶರ್ಟ್’. ಇದು ಬರೀ ಕಥೆಯ ಅಲಂಕಾರವಲ್ಲ. 1776ರಲ್ಲಿ ಜನರಲ್ ವಾಷಿಂಗ್ಟನ್ ತನ್ನ ಸೈನಿಕರಿಗೆ ಇದನ್ನೇ ತೊಡುವಂತೆ ಹೇಳಿದ್ದ. ಅಗಸೆ ನಾರಿನ ಬಟ್ಟೆ, ಅಗ್ಗ, ಹೊಲಿಯುವುದು ಸುಲಭ. ಜೊತೆಗೆ ಜಿಂಕೆ ಚರ್ಮದ ಮೊಕಾಸಿನ್ ಎಂಬ ಮೆತ್ತನೆಯ ಪಾದರಕ್ಷೆ ಮತ್ತು ಲೆಗಿಂಗ್ಸ್. ನಮ್ಮ ಹುಡುಗಿಯರು ಕುರ್ತಾದ ಕೆಳಗೆ ತೊಡುವ ಲೆಗಿಂಗ್ಸ್ ಅಲ್ಲ, ಎರಡು ಕಾಲಿಗೆ ಎರಡು ಬೇರೆ ಬೇರೆ, ಸೊಂಟದ ಪಟ್ಟಿಗೆ ಕಟ್ಟಿಕೊಳ್ಳುವಂಥವು. ಮೊಕಾಸಿನ್, ಲೆಗಿಂಗ್ಸ್, ಜಿಂಕೆಯ ಮಿದುಳನ್ನೇ ಚರ್ಮಕ್ಕೆ ತಿಕ್ಕಿ ಹೊಗೆ ಕೊಟ್ಟು ಹದ ಮಾಡುವ ವಿದ್ಯೆ, ಇವೆಲ್ಲ ಅಲ್ಲಿಯ ಮೂಲನಿವಾಸಿಗಳದು. ಬಂದು ನೆಲೆಸಿದ ಬಿಳಿಯರು ಅವರಿಂದ ಕಲಿತು ತೊಟ್ಟರು, ನೆಲವನ್ನೂ ಕಿತ್ತುಕೊಂಡರು. ಇಂದು ಅದನ್ನು ‘ಅಮೆರಿಕದ ಪರಂಪರೆ’ ಎಂದು ಧರಿಸಿ ಮೆರೆಯುವವರು ಈ ಮಾತನ್ನು ಒಮ್ಮೆಯಾದರೂ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಈಗ ಹಳೆಯದೋ ಹೊಸದೋ ಎಂಬ ಪ್ರಶ್ನೆಗೆ ಬರೋಣ. ನನ್ನನ್ನು ಕೇಳಿದರೆ ಇಡೀ ಉಡುಪನ್ನು ಒಟ್ಟಿಗೆ ತೂಗಬಾರದು, ಒಂದೊಂದು ಬಟ್ಟೆಯನ್ನೂ ಬೇರೆ ಬೇರೆ ಕೇಳಬೇಕು: ನೀನು ಬೆಂಕಿಗೆ ಏನು ಮಾಡುತ್ತೀ? ನೀರಿಗೆ ಏನು ಮಾಡುತ್ತೀ?

ಬೆಂಕಿಯ ವಿಷಯದಲ್ಲಿ ಗೆಲುವು ಹಳೆಯ ಉಣ್ಣೆಯದು. ನಮ್ಮಮ್ಮ “ನೈಲಾನ್ ಸೀರೆ ಉಟ್ಟುಕೊಂಡು ಒಲೆಯ ಹತ್ತಿರ ಹೋಗಬೇಡ” ಎಂದು ಬೈಯುತ್ತಿದ್ದುದು ಸುಮ್ಮನೆ ಅಲ್ಲ. ನೈಲಾನ್, ಪಾಲಿಯೆಸ್ಟರ್‌ಗಳು ಕರಗಿ ಮೈಗೆ ಅಂಟುತ್ತವೆ. ಉಣ್ಣೆ ಸುಲಭವಾಗಿ ಹತ್ತಿಕೊಳ್ಳದು, ಹತ್ತಿದರೂ ಕರಕಲಾಗಿ ಆರುತ್ತದೆ. ಮುಖದ ಪಕ್ಕದಲ್ಲೇ ಕಿಡಿ ಹಾರಿಸುವ ಕೋವಿ ಹಿಡಿದವನು ಫ್ಲೀಸ್ ಜಾಕೆಟ್ ತೊಟ್ಟರೆ ತೋಳಿನ ಮೇಲೆ ಚುಕ್ಕಿ ಚುಕ್ಕಿ ತೂತು ಬೀಳುವುದು ಖಂಡಿತ. ಅಗಲ ಅಂಚಿನ ಫೆಲ್ಟ್ ಟೋಪಿಗೂ ಇದೇ ಗುಣ. ಮಳೆಯನ್ನೂ ತಡೆಯುತ್ತದೆ, ಕಿಡಿಯನ್ನೂ ತಡೆಯುತ್ತದೆ.

ನೀರಿನ ವಿಷಯದಲ್ಲಿ ಲೆಕ್ಕ ಅಷ್ಟು ಸರಳವಲ್ಲ. ಸಿನೆಮಾ ನೋಡಿ ಮರುಳಾಗಿ ಜಿಂಕೆ ಚರ್ಮದ ಉಡುಪನ್ನೇ ಕೊಳ್ಳಬೇಡಿ. ಒಣಗಿದ್ದಾಗ ಮೆತ್ತಗೆ, ಸದ್ದಿಲ್ಲ, ಗಾಳಿ ತಡೆಯುತ್ತದೆ, ಎಲ್ಲ ಸರಿ. ನೆನೆದರೆ ಮಾತ್ರ ಒದ್ದೆ ಗೋಣಿಚೀಲದಂತೆ ಭಾರವಾಗಿ ಜೋತು ಬಿದ್ದು ಮೈಗೆ ತಣ್ಣಗೆ ಅಂಟುತ್ತದೆ. ಹತ್ತಿ ಇನ್ನೂ ಅಪಾಯ. ಪುಣೆಯ ಬಿಸಿಲಿಗೆ ಹೇಳಿ ಮಾಡಿಸಿದ ಜೀನ್ಸ್ ಪ್ಯಾಂಟು ಹಿಮದಲ್ಲಿ ನೆನೆದರೆ ಮೈಯ ಶಾಖವನ್ನೆಲ್ಲ ಹೀರಿಬಿಡುತ್ತದೆ. ಕಾಡು ಸುತ್ತುವ ಅಲ್ಲಿಯ ಜನ ‘ಹತ್ತಿ ಕೊಲ್ಲುತ್ತದೆ’ ಎಂದೇ ಎಚ್ಚರಿಸುತ್ತಾರೆ. ಉಣ್ಣೆಯೋ, ನೆನೆದರೂ ಸಾಕಷ್ಟು ಬೆಚ್ಚಗಿಡುತ್ತದೆ. ಕಂಬಳಿಯನ್ನೇ ಕತ್ತರಿಸಿ ತಲೆಮುಸುಕು ಸಮೇತ ಹೊಲಿದ ‘ಕಪೋಟ್’ ಎಂಬ ಕೋಟು ಅಲ್ಲಿ ಹಳಬರದು. ಅದರ ಚಿತ್ರ ನೋಡಿದ ಕೂಡಲೇ ನನಗೆ ಮಳೆಗಾಲದ ಗದ್ದೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಕೆಲಸ ಮಾಡುತ್ತಿದ್ದವರು ಕಣ್ಣ ಮುಂದೆ ಬಂದರು. ಎಲ್ಲಿಯ ಕೆನಡಾ, ಎಲ್ಲಿಯ ಮಲೆನಾಡು!

ಪೆನ್ಸಿಲ್ವೇನಿಯಾದಲ್ಲಿ 1830ರಲ್ಲಿ ಶುರುವಾದ ವೂಲ್‌ರಿಚ್ ಕಂಪೆನಿಯ ಕೆಂಪು–ಕಪ್ಪು ಚೌಕಳಿಯ ಉಣ್ಣೆ ಕೋಟು ಎಷ್ಟು ಹೆಸರುವಾಸಿಯೆಂದರೆ ಜನ ತಮಾಷೆಗೆ ಅದನ್ನು ‘ಪೆನ್ಸಿಲ್ವೇನಿಯಾ ಟಕ್ಸೀಡೊ’ ಎನ್ನುತ್ತಿದ್ದರು. ಆ ಊರಿನ ಗಿರಣಿ 2018ರಲ್ಲಿ ಮುಚ್ಚಿತು. ಹಳೆಯ ಕೋಟುಗಳು ಮಾತ್ರ ಇನ್ನೂ ಅಜ್ಜನಿಂದ ಮೊಮ್ಮಗನಿಗೆ ಬರುತ್ತಿವೆ.

ಪಾದಕ್ಕೆ ಹೊಸದೇ ಸರಿ. ಮೊಕಾಸಿನ್ ತೊಟ್ಟು ಹಿಮದಲ್ಲಿ ಮೂರು ಗಂಟೆ ನಿಲ್ಲಲು ಹುಟ್ಟಿನಿಂದ ಅಭ್ಯಾಸವಿರಬೇಕು. ರಬ್ಬರ್ ಅಡಿಯ ಬೂಟು ಹಾಕಿಕೊಳ್ಳಿ, ಯಾರು ನಕ್ಕರೂ ನಗಲಿ.

ಇನ್ನು ನಿಜವಾಗಿ ಜೀವದ ಪ್ರಶ್ನೆ ಇರುವುದು ಬಣ್ಣದಲ್ಲಿ. ಪೆನ್ಸಿಲ್ವೇನಿಯಾದಲ್ಲಿ ರೈಫಲ್ಲಿನ ಜಿಂಕೆ ಬೇಟೆಗೆ ಹೋಗುವವರು ತಲೆ, ಎದೆ, ಬೆನ್ನು ಸೇರಿ 250 ಚದರ ಅಂಗುಲದಷ್ಟಾದರೂ ಹೊಳೆಯುವ ಕಿತ್ತಳೆ ಬಣ್ಣ ತೊಡಲೇಬೇಕು. ಕೊಲೊರಾಡೊದಲ್ಲಿ 500, ಅದೂ ಮಜಲ್ ಲೋಡರಿನವರಿಗೂ ಸೇರಿಸಿ. 2016ರಿಂದ ಅಲ್ಲಿ ಹೊಳೆಯುವ ಗುಲಾಬಿಯೂ ನಡೆಯುತ್ತದೆ. ರಾಜ್ಯದಿಂದ ರಾಜ್ಯಕ್ಕೆ, ಋತುವಿನಿಂದ ಋತುವಿಗೆ ನಿಯಮ ಬೇರೆ. ಕೆಲವೆಡೆ ಕಡ್ಡಾಯವಿಲ್ಲ. ಹಳೆಯ ಉಡುಪಿನ ಪಕ್ಷದವರು ಮುಖ ಸಿಂಡರಿಸುವುದು ಇಲ್ಲಿಯೇ. 1776ರ ವೇಷದ ಮೇಲೆ ರಸ್ತೆ ಕೆಲಸದವರ ಕಿತ್ತಳೆ ಜಾಕೆಟ್ಟೇ ಎಂದು! ಆದರೆ ಯೋಚಿಸಿ ನೋಡಿ. ಜಿಂಕೆ ಚರ್ಮ ತೊಟ್ಟವನು ಜಿಂಕೆಯ ಬಣ್ಣದಲ್ಲೇ ಇರುತ್ತಾನೆ. ಅಲ್ಲಿಯ ಜಿಂಕೆಯ ಬಾಲದ ಅಡಿ ಬಿಳಿ. ಪೊದೆಯ ಹಿಂದೆ ಕಂದು ಮೈ, ಜೇಬಿನಿಂದ ಇಣುಕುವ ಬಿಳಿ ಕರವಸ್ತ್ರ, ಆಚೆ ಬದಿಯಲ್ಲಿ ಆತುರದ ಇನ್ನೊಬ್ಬ ಬೇಟೆಗಾರ. ಹೇಳುವುದೇ ಬೇಡ. ಕಾನೂನು ಕೇಳಲಿ ಬಿಡಲಿ, ಕಿತ್ತಳೆ ಬೇಕೇ ಬೇಕು.

ಕಿತ್ತಳೆ ತೊಟ್ಟರೆ ಜಿಂಕೆ ಓಡಿಹೋಗದೇ? ಇಲ್ಲ. ಜಿಂಕೆಗೆ ಕೆಂಪು–ಕಿತ್ತಳೆಗಳ ಭೇದ ಚೆನ್ನಾಗಿ ತಿಳಿಯದು. ಅದರ ಕಣ್ಣು ಚುರುಕು ನೀಲಿಗೆ. ಬಟ್ಟೆ ಬೆಳ್ಳಗೆ ಹೊಳೆಯಲೆಂದು ನಮ್ಮ ಸೋಪಿನ ಪುಡಿಗಳಲ್ಲಿ ಸೇರಿಸುವ ರಾಸಾಯನಿಕ ಇದೆಯಲ್ಲ, ಅದು ಬಟ್ಟೆಯಿಂದ ನೀಲಿ ಬೆಳಕು ಹೊಮ್ಮಿಸುತ್ತದೆ. ನಾವು ‘ಅಪ್ಪಟ ಬಿಳುಪು’ ಎಂದು ಹಿಗ್ಗುವುದು ಜಿಂಕೆಗೆ ಅಪಾಯದ ದೀಪ! ಇದನ್ನು ಓದಿದ ಮೇಲೆ ಗೃಹಿಣಿಯಾದ ನನಗೂ ಬೇಟೆಯಲ್ಲಿ ಒಂದು ಪಾತ್ರ ಸಿಕ್ಕಿತು ಅನ್ನಿಸಿತು.

ನಮ್ಮ ಕೊಡಗಿನ ಮಾತು ಬೇರೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆಗೆ ಅವಕಾಶವಿಲ್ಲ. ಕೋವಿ ಮಾತ್ರ ಮನೆಯಲ್ಲಿ ಉಳಿದಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ತೋಕ್ ಪೂ ಸಿಕ್ಕಿಸಿ ಪೂಜೆ, ತೆಂಗಿನಕಾಯಿಗೆ ಗುರಿ, ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಮೊಣಕಾಲಿನವರೆಗಿನ ಕರಿಯ ಕುಪ್ಯ, ಸೊಂಟಕ್ಕೆ ಕೆಂಪು ಚೇಲೆ, ಪೀಚೆಕತ್ತಿ, ಇವು ಇಂದು ಮದುವೆ ಹಬ್ಬಗಳ ಉಡುಪು. ಅಂದರೆ ಅಲ್ಲಿ ಬೇಟೆ ಉಳಿದು ಉಡುಪನ್ನು ಪುನಃ ಹೊಲಿಯುತ್ತಿದ್ದಾರೆ, ನಮ್ಮಲ್ಲಿ ಬೇಟೆ ಹೋಗಿ ಉಡುಪು ಉಳಿಯಿತು. ಆದ್ದರಿಂದ ಕುಪ್ಯಕ್ಕೆ ನಾನು ಮೇಲಿನ ಬೆಂಕಿ–ನೀರಿನ ಪ್ರಶ್ನೆ ಕೇಳಲಾರೆ. ರಾಜ್ಯೋತ್ಸವದ ದಿನ ವೇದಿಕೆ ಹತ್ತಲು ಬಾಡಿಗೆ ಕುಪ್ಯ ತರುವ ನಮ್ಮ ಹುಡುಗರು ಚೇಲೆಯನ್ನಾದರೂ ಬಲ್ಲವರಿಂದ ಕಟ್ಟಿಸಿಕೊಳ್ಳಲಿ.

ಮಗ ಬೇಟೆಗಾರರ ತರಬೇತಿ ಮುಗಿಸಿ, ಲೈಸೆನ್ಸ್ ತೆಗೆದುಕೊಂಡು ಹೋದ. ತೊಟ್ಟದ್ದು ನೆರೆಯ ಹಿರಿಯರು ಕೊಟ್ಟ ಹಳೆಯ ಉಣ್ಣೆ ಕೋಟು, ಅದರ ಮೇಲೆ ಕಿತ್ತಳೆ ಜಾಕೆಟ್ಟು, ಕಿತ್ತಳೆ ಟೋಪಿ, ರಬ್ಬರ್ ಬೂಟು. ಹೆಗಲಲ್ಲಿ ಹಸುವಿನ ಕೊಂಬಿನ ಮದ್ದಿನ ಬುರುಡೆ. ಲೋಹದಂತೆ ಕಿಡಿ ಹಾರಿಸದ ಕೊಂಬಿಗಿಂತ ಒಳ್ಳೆಯದು ಇನ್ನೂ ಬಂದಿಲ್ಲ ಎಂದು ಆ ಹಿರಿಯರು ಹೇಳಿದರಂತೆ. ಜಿಂಕೆ ಸಿಗಲಿಲ್ಲ, ನನಗೇನೋ ಸಮಾಧಾನವೇ ಆಯಿತು. ಮರದ ದಿಮ್ಮಿಗೆ ಎರಡು ಗುಂಡು ಹೊಡೆದು ಬಂದ. ಆ ಕೋಟನ್ನು ಹೊಳಪಿನ ಪುಡಿ ಹಾಕದೆ, ತಣ್ಣೀರಿನಲ್ಲಿ, ಕೈಯಲ್ಲೇ ಒಗೆದವಳು ನಾನು. ಗಂಧಕದ ವಾಸನೆ ಹೋಗಲು ಮೂರು ನೀರು ಬೇಕಾಯಿತು.