ಮೊಲದ ಉಣ್ಣೆ



ಎಂದಿಗೂ ಇಲ್ಲದ ವಸ್ತುವೊಂದನ್ನು ಹೆಸರಿಸಬೇಕಾದಾಗ ನಮ್ಮ ತಾರ್ಕಿಕರಿಗೆ ನೆನಪಾಗತಕ್ಕದ್ದು ಶಶವಿಷಾಣ, ಎಂದರೆ ಮೊಲದ ಕೊಂಬು. ಮೊಲದ ಉಣ್ಣೆಯೆಂಬುದೂ ಕೆಲವರಿಗೆ ಅದೇ ಜಾತಿಯ ಮಾತಾಗಿ ಕೇಳಿಸೀತು. ಆದರೆ ಅಮರಸಿಂಹನು ತನ್ನ ಕೋಶದಲ್ಲಿ ಮೊಲದ ರೋಮಕ್ಕೆ ಶಶೋರ್ಣವೆಂಬ ಹೆಸರನ್ನೇ ಕೊಟ್ಟಿದ್ದಾನೆ. ನಮ್ಮ ಕಾಡುಮೊಲದ ರೋಮವೇನೋ ಗಿಡ್ಡವಾದುದು. ಕತ್ತರಿಸಿ ನೂಲಬಹುದಾದಷ್ಟು ಉದ್ದದ ಉಣ್ಣೆಯನ್ನು ಬೆಳೆಯುವ ಮೊಲವೇ ಬೇರೆ. ಅದಕ್ಕೆ ಅಂಗೋರಾ ಎಂದು ಹೆಸರು.

ಈ ವಿಷಯವನ್ನು ನಾನು ಆರಿಸಿಕೊಂಡುದಕ್ಕೆ ಕಾರಣವುಂಟು. ಎರಡು ವರ್ಷಗಳ ಕೆಳಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕರಪತ್ರವೊಂದನ್ನು ಹಿಡಿದು ಬೆಂಗಳೂರಿನ ನಮ್ಮ ಮನೆಗೆ ಬಂದನು. ಪದವಿ ಪಡೆದು ಮೂರು ವರ್ಷವಾಗಿದ್ದರೂ ಅವನಿಗೆ ಉದ್ಯೋಗ ದೊರೆತಿರಲಿಲ್ಲ. ಅಂಗೋರಾ ಮೊಲಗಳನ್ನು ಹತ್ತು ಕೊಂಡು ಮಹಡಿಯ ಮೇಲೆ ಸಾಕಿದರೆ ತಿಂಗಳು ತಿಂಗಳೂ ಉಣ್ಣೆ ಕತ್ತರಿಸಬಹುದೆಂದೂ, ಆ ಉಣ್ಣೆಯನ್ನೆಲ್ಲ ಮೊಲ ಮಾರಿದವರೇ ಕೊಳ್ಳುವರೆಂದೂ ಅದರಲ್ಲಿ ಅಚ್ಚಾಗಿತ್ತು. “ಮೇಷ್ಟ್ರೇ, ತಾವು ಪ್ರಾಣಿಶಾಸ್ತ್ರ ಹೇಳಿಕೊಟ್ಟವರು. ಅಮ್ಮನ ಬಳೆಗಳನ್ನು ಅಡವಿಟ್ಟು ಹಣ ಕಟ್ಟೋಣವೆಂದಿದ್ದೇನೆ. ತಾವೇನು ಹೇಳುತ್ತೀರಿ?” ಎಂದು ಕೇಳಿದನು. ಅಂದು ಅವನಿಗೆ ಹೇಳಿದುದನ್ನೂ, ಹೇಳಬೇಕಾಗಿದ್ದು ಹೇಳದೆ ಬಿಟ್ಟುದನ್ನೂ ಈಗ ತಮ್ಮ ಮುಂದೆ ಇಡುತ್ತೇನೆ.

ಮೊದಲು ಪ್ರಾಣಿಯ ಪರಿಚಯ. ಹೊಲದಲ್ಲಿ ಥಟ್ಟನೆ ಎದ್ದು ಓಡುವ ಮೊಲಕ್ಕೂ ಗೂಡಿನಲ್ಲಿ ಸಾಕುವ ಮೊಲಕ್ಕೂ ಕನ್ನಡದಲ್ಲಿ ಒಂದೇ ಹೆಸರು. ಶಾಸ್ತ್ರದಲ್ಲಿ ಅವೆರಡೂ ಬೇರೆ ಬೇರೆ. ಹೊಲದ ಮೊಲದ ಮರಿಗೆ ಹುಟ್ಟುವಾಗಲೇ ಮೈತುಂಬ ಕೂದಲಿರುತ್ತದೆ, ಕಣ್ಣು ತೆರೆದಿರುತ್ತದೆ. ಸಾಕುಮೊಲದ ಮರಿಗೆ ಮೈಮೇಲೆ ಕೂದಲಿಲ್ಲ, ಕಣ್ಣೂ ಮುಚ್ಚಿರುತ್ತದೆ. ಸುಮಾರು 31 ದಿನಗಳ ಗರ್ಭ ತುಂಬುವ ವೇಳೆಗೆ ತಾಯಿಯು ತನ್ನ ಹೊಟ್ಟೆಯ ಕೂದಲನ್ನು ತಾನೇ ಕಿತ್ತು ಗೂಡಿಗೆ ಹಾಸುತ್ತದೆ. ಮೊಲದ ಉಣ್ಣೆಯ ಮೊದಲ ಉಪಯೋಗ ಇದೇ. ಅಂಗೋರಾ ಎಂಬುದು ತುರ್ಕಿಯ ರಾಜಧಾನಿಯಾದ ಅಂಕಾರದ ಹಳೆಯ ಹೆಸರು. ಅದೇ ಹೆಸರಿನ ಮೇಕೆಯೂ ಉಂಟು, ಅದರ ರೋಮಕ್ಕೆ ಮೊಹೇರ್ ಎನ್ನುತ್ತಾರೆ. ಅಂಗೋರಾ ಉಣ್ಣೆಯೆಂದರೆ ಮೊಲದ್ದೇ. 18ನೆಯ ಶತಮಾನದಲ್ಲಿ ಫ್ರಾನ್ಸಿನವರು ಈ ಮೊಲವನ್ನು ಸಾಕತೊಡಗಿದರು. ಮುಂದೆ ಇಂಗ್ಲೆಂಡ್, ಜರ್ಮನಿಗಳಲ್ಲಿ ಬೇರೆ ಬೇರೆ ತಳಿಗಳಾದವು.

ಇದರ ಎಳೆಯ ದಪ್ಪ ಸುಮಾರು 12ರಿಂದ 14 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಮೈಕ್ರಾನ್. ಎಳೆಯ ಒಳಗೆ ಉದ್ದಕ್ಕೂ ಸಣ್ಣ ಗಾಳಿಯ ಕೋಣೆಗಳಿವೆ, ಏಣಿಯ ಮೆಟ್ಟಲುಗಳ ನಡುವಣ ಬರಿಜಾಗದಂತೆ. ಹೀಗೆ ಸಿಕ್ಕಿಕೊಂಡ ಗಾಳಿಯು ಮೈಯ ಶಾಖವನ್ನು ಹೊರಕ್ಕೆ ಬಿಡದು. ಆದುದರಿಂದಲೇ ಈ ಉಣ್ಣೆ ಹಗುರವೂ ಹೌದು, ಬಲು ಬೆಚ್ಚಗೂ ಹೌದು. ಕುರಿಯ ಉಣ್ಣೆಯಲ್ಲಿರುವಂತೆ ಜಿಡ್ಡು ಇದರಲ್ಲಿಲ್ಲ. ಎಳೆಯ ಮೇಲ್ಮೈ ಮಾತ್ರ ಬಹಳ ನುಣುಪು, ಕುರಿಯ ಉಣ್ಣೆಯ ಸುರುಳಿಯೂ ಕಡಮೆ. ಒಂದೆಳೆ ಇನ್ನೊಂದನ್ನು ಹಿಡಿದುಕೊಳ್ಳದೆ ಜಾರುತ್ತದೆ. ಆದಕಾರಣ ನೂಲುವವರು ಸಾಮಾನ್ಯವಾಗಿ ಕುರಿಯ ಉಣ್ಣೆಯನ್ನೋ ರೇಷ್ಮೆಯನ್ನೋ ಬೆರಸುತ್ತಾರೆ.

ಇನ್ನು ಸಾಕಣೆ. ಗಂಡುಗಳನ್ನೂ ದೊಡ್ಡ ಹೆಣ್ಣುಗಳನ್ನೂ ಒಂದೊಂದು ಗೂಡಿನಲ್ಲಿ ಬೇರೆಯಾಗಿಯೇ ಇಡಬೇಕು, ಇಲ್ಲವಾದರೆ ಕಚ್ಚಾಡುತ್ತವೆ, ಉಣ್ಣೆ ಗಂಟಾಗುತ್ತದೆ. ಬಾಚುವುದನ್ನು ಬಿಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಅಪಾಯ ಹೊಟ್ಟೆಯದು. ಮೊಲವು ತನ್ನ ಮೈಯನ್ನು ನೆಕ್ಕಿ ಶುಚಿಮಾಡಿಕೊಳ್ಳುವಾಗ ರೋಮವೂ ಒಳಗೆ ಹೋಗುತ್ತದೆ. ಬೆಕ್ಕಾದರೆ ಆ ಉಂಡೆಯನ್ನು ಕಕ್ಕಿಬಿಡುತ್ತದೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ರೋಮವು ಜಠರದಲ್ಲಿ ತಂಗಿ, ಪ್ರಾಣಿಯು ಮೇವು ಬಿಟ್ಟು ಸಾಯುತ್ತದೆ. ನಾರುಳ್ಳ ಒಣಹುಲ್ಲು ಸದಾ ಮುಂದಿರುವುದೂ, ಉಣ್ಣೆಯನ್ನು ಕಾಲಕ್ಕೆ ಸರಿಯಾಗಿ ತೆಗೆಯುವುದೂ ಇದಕ್ಕೆ ಉಪಾಯ.

ಆ ಕಾಲವೆಷ್ಟು? ಉಣ್ಣೆ ತಿಂಗಳಿಗೆ ಎರಡೂವರೆ ಸೆಂಟಿಮೀಟರಿನ ಆಸುಪಾಸು ಬೆಳೆಯುತ್ತದೆ. ನೂಲಿಗೆ ಉತ್ತಮವಾದುದೆನಿಸಲು ಆರು ಸೆಂಟಿಮೀಟರಾದರೂ ಬೇಕು. ಎಂದರೆ 75ರಿಂದ 90 ದಿನಗಳಿಗೊಮ್ಮೆ, ವರ್ಷಕ್ಕೆ ನಾಲ್ಕು ಸಲ. ಕರಪತ್ರದ ತಿಂಗಳ ಲೆಕ್ಕ ಇಲ್ಲಿಯೇ ಕುಸಿಯಿತು. ಚರ್ಮವು ಕಾಗದದಷ್ಟು ತೆಳುವಾದುದರಿಂದ ಪಳಗಿದ ಕೈಗೂ ಒಂದೊಂದು ಮೊಲಕ್ಕೆ ಕಾಲು ಗಂಟೆ, ಅರ್ಧ ಗಂಟೆ ಹಿಡಿಯುತ್ತದೆ. ಫ್ರಾನ್ಸಿನ ತಳಿಯಲ್ಲಿ ರೋಮವು ತಾನಾಗಿ ಸಡಿಲಗೊಂಡಾಗ ಬಾಚಿ ತೆಗೆಯುವ ಪದ್ಧತಿಯುಂಟು. ಜರ್ಮನ್ ತಳಿ ಹಾಗೆ ಉದುರಿಸದು, ಕತ್ತರಿಯೇ ಗತಿ. 2013ರಲ್ಲಿ, ಈ ಉಣ್ಣೆಯ ಬಹುಪಾಲನ್ನು ಉತ್ಪಾದಿಸುತ್ತಿದ್ದ ಚೀನಾ ದೇಶದಿಂದ ಒಂದು ಚಲಚ್ಚಿತ್ರ ಹೊರಬಿದ್ದಿತು. ಸಜೀವ ಮೊಲಗಳ ಮೈಯಿಂದ ಉಣ್ಣೆಯನ್ನು ಹಿಡಿಹಿಡಿಯಾಗಿ ಕೀಳುತ್ತಿದ್ದರು. ಸಾಮಾನ್ಯವಾಗಿ ಸದ್ದೇ ಮಾಡದ ಆ ಪ್ರಾಣಿಗಳು ಚೀರುತ್ತಿದ್ದವು. ಪಶ್ಚಿಮದ ದೊಡ್ಡ ಬಟ್ಟೆಯಂಗಡಿಗಳು ಒಂದರ ಹಿಂದೊಂದು ಅಂಗೋರಾ ಕೊಳ್ಳುವುದನ್ನು ನಿಲ್ಲಿಸಿದವು. ನಿಲ್ಲಿಸಿದ್ದು ಸರಿಯೆಂದೇ ನನ್ನ ಮತ. ಈ ಕಸುಬಿನಲ್ಲಿ ಅವಸರಪಡುವವನು ಆ ಅವಸರವನ್ನು ಮೊಲದ ಮೈಮೇಲೆಯೇ ತೀರಿಸಿಕೊಳ್ಳಬೇಕಾಗುತ್ತದೆ.

ಹವೆಯ ಮಾತು ಉಳಿಯಿತು. ಮೊಲವು ನಮ್ಮಂತೆ ಬೆವರದು. ಮೈಯ ಕಾವನ್ನು ಮುಖ್ಯವಾಗಿ ಕಿವಿಗಳ ಮೂಲಕ ಕಳೆದುಕೊಳ್ಳುತ್ತದೆ. ಅದರ ಮೇಲೆ ಇಷ್ಟು ಬೆಚ್ಚನೆಯ ಹೊದಿಕೆ! 15ರಿಂದ 20 ಡಿಗ್ರಿ ಸೆಂಟಿಗ್ರೇಡ್ ಅದಕ್ಕೆ ಹಿತ. 30 ದಾಟಿದರೆ ಏದುತ್ತದೆ, ಗಂಡುಗಳ ಸಂತಾನಶಕ್ತಿ ಕುಗ್ಗುತ್ತದೆ. ನಮ್ಮ ದೇಶದಲ್ಲಿ ಇದು ನೆಲೆಯೂರಿದ್ದು ಹಿಮಾಚಲದ ಕುಲ್ಲೂ ಕಣಿವೆಯಂಥ ಕಡೆ. ಅಲ್ಲಿಯ ಗಡಸಾ ಎಂಬಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಶಾಖೆಯೊಂದುಂಟು. 1980ರ ದಶಕದಲ್ಲಿ ಜರ್ಮನ್ ತಳಿಯನ್ನು ತರಿಸಿ ಬೆಳೆಸಿದರು. ಶಾಲು ನೇಯುವ ಮಗ್ಗಗಳು ಅಲ್ಲಿ ಹಳ್ಳಿಹಳ್ಳಿಗೂ ಇರುವುದರಿಂದ ಉಣ್ಣೆಗೆ ಹತ್ತಿರದಲ್ಲಿಯೇ ಗಿರಾಕಿ ಸಿಕ್ಕಬಹುದು. ಬೆಂಗಳೂರಿನ ಹವೆ ತಂಪೆಂದು ನಾವು ಎಷ್ಟು ಹೊಗಳಿಕೊಂಡರೂ ಏಪ್ರಿಲಿನ ಮಧ್ಯಾಹ್ನ 33, 34 ಡಿಗ್ರಿ ಸಾಮಾನ್ಯ. ತಗಡಿನ ಮಾಡಿನ ಕೆಳಗೆ ಇನ್ನೂ ಹೆಚ್ಚು.

ಅಂದು ನಾವಿಬ್ಬರೂ ಕುಳಿತು ಲೆಕ್ಕ ಹಾಕಿದೆವು. ಜರ್ಮನ್ ತಳಿಯ ಒಳ್ಳೆಯ ಮೊಲವು ಅದರ ದೇಶದಲ್ಲಿ ವರ್ಷಕ್ಕೆ ಒಂದು ಕಿಲೋಗ್ರಾಂ ಉಣ್ಣೆ ಕೊಟ್ಟೀತು. ಇಲ್ಲಿ ಅರ್ಧವೆಂದು ಹಿಡಿದರೆ ಹತ್ತು ಮೊಲಕ್ಕೆ ವರ್ಷಕ್ಕೆ ಐದು ಕಿಲೋಗ್ರಾಂ, ನಲವತ್ತು ಸಲದ ಕತ್ತರಿಕೆಲಸ. ಕೊಳ್ಳುವವನು ಒಬ್ಬನೇ ಆದರೆ ಬೆಲೆ ಕಟ್ಟುವವನೂ ಅವನೇ. ಇಷ್ಟೆಲ್ಲ ಹೇಳಿದವನು, ಬೇಡವೆಂದು ಖಂಡಿತವಾಗಿ ಹೇಳಬೇಕಾಗಿತ್ತು. “ಯೋಚಿಸಿ ಮಾಡಪ್ಪ” ಎಂದುಬಿಟ್ಟೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ವಯಸ್ಸು ಅವನದು. ಹತ್ತರ ಬದಲು ನಾಲ್ಕು ಕೊಂಡನು.

ಏಪ್ರಿಲಿನ ಒಂದೇ ಮಧ್ಯಾಹ್ನ ಮೂರು ಸತ್ತವು. ಉಳಿದುದನ್ನು ಕೆಳಗಿನ ತಂಪು ಕೋಣೆಗೆ ತಂದು, ಅದರ ಉಣ್ಣೆ ಕತ್ತರಿಸಿ ಕರಪತ್ರದ ವಿಳಾಸಕ್ಕೆ ಕೊಂಡುಹೋದರೆ ಬಾಗಿಲಿಗೆ ಬೀಗ ಬಿದ್ದಿತ್ತು. ಅಡವಿಟ್ಟ ಬಳೆಗಳಲ್ಲಿ ಒಂದನ್ನು ಈಚೆಗೆ ಬಿಡಿಸಿಕೊಂಡಿದ್ದಾನೆ, ಇನ್ನೊಂದು ಬಾಕಿಯಿದೆ. ಮೊಲ ಅವರ ಮನೆಯಲ್ಲಿಯೇ ಇದೆ. ಕಳೆದ ತಿಂಗಳು ಹೋದಾಗ ಅವನ ಅಜ್ಜಿ ಆ ಉಣ್ಣೆಯನ್ನು ಅಂಗೈಯಲ್ಲಿಟ್ಟು ಹೊಸೆಯುತ್ತಿದ್ದರು. ಅರವತ್ತು ವರ್ಷ ದೇವರ ಬತ್ತಿ ಹೊಸೆದ ಕೈ. ಆದರೂ ಎಳೆ ನಿಲ್ಲದೆ ಜಾರುತ್ತಿತ್ತು. ಕೊನೆಗೆ ಹಳೆಯ ಕಂಬಳಿಯ ಅಂಚಿನಿಂದ ಒಂದು ಚಿಟಿಕೆ ಉಣ್ಣೆ ಹಿರಿದು ಬೆರಸಿದರು, ಹಿಡಿಯಿತು. ಮೊಳದುದ್ದದ ಆ ನೂಲನ್ನು ನನಗೆ ಕೊಟ್ಟು, “ಮೇಷ್ಟ್ರೇ, ಇದಕ್ಕೇನು ಬೆಲೆ ಬಂದೀತು?” ಎಂದು ಕೇಳಿದರು.