ಚಳಿಗಾಲದಲ್ಲಿ ಮೋಟಾರ್ ಸೈಕಲ್ ಸವಾರಿ

ಜರ್ಮನಿಯಲ್ಲಿ 1956ರಲ್ಲಿ ಆರಂಭವಾದ ‘ಆನೆಗಳ ಸಮ್ಮೇಳನ’ಕ್ಕೆ ಬರುವುವು ಆನೆಗಳಲ್ಲ, ಮೋಟಾರ್ ಸೈಕಲ್ಲುಗಳು, ಅದೂ ನಡುಚಳಿಗಾಲದಲ್ಲಿ! ಉಷ್ಣತೆ 0 ಡಿಗ್ರಿ ಸೆಂಟಿಗ್ರೇಡ್ ಇದ್ದಾಗ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಾಗುವವನ ಬರಿಯ ಚರ್ಮಕ್ಕೆ ಸುಮಾರು ಮೈನಸ್ 10 ಡಿಗ್ರಿಯ ಚಳಿ ತಾಕಿದಂತಾಗುತ್ತದೆ. ಮೈಗಂಟಿಕೊಂಡ ಬೆಚ್ಚನೆಯ ಗಾಳಿಯ ತೆಳುಪದರವನ್ನು ಎದುರುಗಾಳಿಯು ಕ್ಷಣಕ್ಷಣಕ್ಕೂ ಹೊತ್ತೊಯ್ಯುವುದೇ ಇದಕ್ಕೆ ಕಾರಣ. ಉಣ್ಣೆಯಂಗಿ ಎಷ್ಟು ದಪ್ಪವಾದರೇನು? ಎಳೆಗಳ ನಡುವೆ ಗಾಳಿ ನುಗ್ಗಿದರೆ ಎಲ್ಲವೂ ವ್ಯರ್ಥ. ಅದರ ಮೇಲೆ ಗಾಳಿ ತೂರದ ತೊಗಲಂಗಿ ಬೇಕು. ಇಲ್ಲದವನಿಗೆ ಎದೆಯ ಮೇಲೆ ಮಡಿಸಿಟ್ಟ ಹಳೆಯ ವೃತ್ತಪತ್ರಿಕೆಯೂ ಆದೀತು.

ಎಲ್ಲಕ್ಕಿಂತ ಮಿಗಿಲಾಗಿ ರಕ್ಷಿಸಬೇಕಾದುವು ಕೈಗಳು. ಒಡಲು ತಣ್ಣಗಾದೊಡನೆ ಬೆರಳುಗಳ ರಕ್ತನಾಳಗಳು ಕುಗ್ಗುತ್ತವೆ. ಮರಗಟ್ಟಿದ ಬೆರಳುಗಳು ಬ್ರೇಕನ್ನು ಹಿಡಿಯಲು ಅರ್ಧ ಸೆಕೆಂಡು ತಡಮಾಡಿದರೆ, ಮೇಲೆ ಹೇಳಿದ ವೇಗದಲ್ಲಿ ವಾಹನವು 11 ಮೀಟರು ಮುಂದೆ ಹೋಗಿರುತ್ತದೆ! ಆದುದರಿಂದಲೇ ಹ್ಯಾಂಡಲಿನ ಹಿಡಿಗಳೊಳಗೆ ವಿದ್ಯುತ್ತಿನಿಂದ ಬಿಸಿಯಾಗುವ ತಂತಿಗಳನ್ನು ಅಳವಡಿಸುತ್ತಾರೆ. 12 ವೋಲ್ಟಿನ ಬ್ಯಾಟರಿಯಿಂದ 3 ಆಂಪೇರ್ ಹರಿದರೆ ದೊರೆಯುವ ಶಾಖ 36 ವಾಟ್. ಬೆರಳುಗಳಿಗೆ ಅಷ್ಟು ಸಾಕು.